ಬ್ಲೂಟೂತ್ ಡಾಂಗಲ್ ಕೀಬೋರ್ಡ್ ವೇಷ ಬಿಡುತ್ತಿಲ್ಲವೇ? ಲಿನಕ್ಸ್‌ನಲ್ಲಿ ಹೀಗೆ ನೋಡಿ

ಕೊಡಗಿನ ಕಕ್ಕಡದ (ಜುಲೈ-ಆಗಸ್ಟ್) ಮಳೆ ಜೋರಾಗಿ ಹಿಡಿದಿದ್ದ ಒಂದು ಸಂಜೆ ಸುಂಟಿಕೊಪ್ಪದ ಹತ್ತಿರದ ಕಾಫಿ ತೋಟದ ಆಫೀಸಿನಿಂದ, ಅಲ್ಲಿಯ ಲೆಕ್ಕಪತ್ರ ನೋಡಿಕೊಳ್ಳುವ ರೈಟರಣ್ಣ ಫೋನ್ ಮಾಡಿದರು. "ಮಾರಾಯ, ಬ್ಲೂಟೂತ್ ಆನ್ ಆಗ್ತಾ ಇಲ್ಲ. ಸೆಟ್ಟಿಂಗ್ಸ್‌ಗೆ ಹೋದ್ರೆ ಅಡಾಪ್ಟರೇ ಇಲ್ಲ ಅಂತದೆ. ಆದ್ರೆ ಯುಎಸ್‌ಬಿಗೆ ಚುಚ್ಚಿರೋ ಅದೇ ಡಾಂಗಲ್‌ನಲ್ಲಿ ಕೀಬೋರ್ಡು, ಮೌಸು ಎರಡೂ ಚೆನ್ನಾಗಿ ಓಡ್ತಾ ಇವೆ. ಇದೇನು ಕಥೆ?"

ಅವರಿಗೆ ಬೇಕಾಗಿದ್ದು ದೊಡ್ಡದೇನಲ್ಲ. ಸಂಜೆ ಚೆಕ್‌ರೋಲ್ (ಕೆಲಸದವರ ಹಾಜರಿ ಪುಸ್ತಕ) ತುಂಬುವಾಗ ಬೆಂಗಳೂರಿನಲ್ಲಿರುವ ಯಜಮಾನರ ಜೊತೆ ಮಾತಾಡಬೇಕು, ಕೈ ಖಾಲಿ ಇರಬೇಕು, ಅದಕ್ಕೊಂದು ಬ್ಲೂಟೂತ್ ಹೆಡ್‌ಸೆಟ್. ಹಳೇ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಹಾಕಿಕೊಟ್ಟವನು ನಾನೇ. ಅಂಗಡಿಯಲ್ಲಿ ಕೇಳಿದ್ದಕ್ಕೆ "ಇದು ಲಿನಕ್ಸ್‌ಗೆ ಆಗೋದಿಲ್ಲ, ಹೊಸದು ತಗೊಳ್ಳಿ" ಅಂದಿದ್ದರಂತೆ. ರೈಟರಣ್ಣ ಮರುದಿನ ಮೈಸೂರಿಗೆ ಹೊರಡುವುದರಲ್ಲಿದ್ದರು. ಈ ಮಳೆಯಲ್ಲಿ ಮೈಸೂರಿಗೆ ಹೋಗಿ ಬರುವುದೆಂದರೆ ಇಡೀ ಒಂದು ದಿನ. "ಬೇಡ ಅಣ್ಣ, ಒಂದು ಗಂಟೆ ಟೈಮ್ ಕೊಡಿ" ಅಂದೆ.

ಡಾಂಗಲ್ ಕೆಟ್ಟಿರಲಿಲ್ಲ. ಬೇರೆ ವೇಷದಲ್ಲಿ ಕೂತಿತ್ತು, ಅಷ್ಟೆ. ದೇವರಪುರದ ಕುಂಡೆ ಹಬ್ಬದಲ್ಲಿ ವೇಷ ಹಾಕಿ ಬಂದರೆ ಪರಿಚಯದವರನ್ನೂ ಥಟ್ಟನೆ ಗುರುತು ಹಿಡಿಯೋಕೆ ಆಗೋದಿಲ್ಲ, ಹಾಗೆಯೇ ಇದು. ಇದೇ ತೊಂದರೆಗೆ ಒಳ್ಳೇ ಡಾಂಗಲ್ ಎಸೆದವರನ್ನು ನಾನು ಕಂಡಿದ್ದೇನೆ, ಪೂರ್ತಿ ಲಿನಕ್ಸ್ ತೆಗೆದು ಮತ್ತೆ ಹಾಕಿದವರನ್ನೂ ಕಂಡಿದ್ದೇನೆ. ಎರಡೂ ಬೇಕಾಗಿರಲಿಲ್ಲ. ಅದಕ್ಕೇ ಇದನ್ನು ಕೂತು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ರೈಟರಣ್ಣನಿಗೆ ಫೋನಿನಲ್ಲಿ ಓದಿ ಹೇಳಿದ ಹಾಗೆಯೇ ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ, ನಾನು ಬೇರೆ ಹೇಳದ ಕಡೆಯೆಲ್ಲ, ಎಲ್ಲವೂ ಸಣ್ಣ ಇಂಗ್ಲಿಷ್ ಅಕ್ಷರ. ಅಂಕಿ, ಗೆರೆ, ಚುಕ್ಕೆ ಎಲ್ಲ ಇಲ್ಲಿ ಇರುವ ಹಾಗೆಯೇ. ಎಚ್‌ಐಡಿ2ಎಚ್‌ಸಿಐ ಅಂತ ಬರೆದಿದ್ದರೆ ಎಚ್, ಐ, ಡಿ, ಆಮೇಲೆ ಅಂಕಿ ಎರಡು, ಆಮೇಲೆ ಎಚ್, ಸಿ, ಐ, ಮಧ್ಯೆ ಜಾಗ ಬಿಡದೆ.

ಈ ಎರಡು ವೇಷ ಯಾಕೆ

ಕೀಬೋರ್ಡ್, ಮೌಸ್ ಜೊತೆಗೆ ಸೆಟ್ ಆಗಿ ಬರುವ ಕೆಲವು ಬ್ಲೂಟೂತ್ ಡಾಂಗಲ್‌ಗಳಿಗೆ ಎರಡು ಮೋಡ್ ಇರುತ್ತವೆ. ಒಂದು ಎಚ್‌ಐಡಿ (ಹ್ಯೂಮನ್ ಇಂಟರ್‌ಫೇಸ್ ಡಿವೈಸ್, ಅಂದರೆ ಕೀಬೋರ್ಡ್, ಮೌಸ್ ಥರದ್ದು) ಮೋಡ್. ಇದರಲ್ಲಿ ಡಾಂಗಲ್ ತಾನು ಬ್ಲೂಟೂತ್ ಅಂತ ಕಂಪ್ಯೂಟರಿಗೆ ಹೇಳುವುದೇ ಇಲ್ಲ. ತಂತಿ ಇರುವ ಮಾಮೂಲಿ ಯುಎಸ್‌ಬಿ ಕೀಬೋರ್ಡು, ಮೌಸು ಅಂತ ಪರಿಚಯ ಮಾಡಿಕೊಳ್ಳುತ್ತದೆ. ಬ್ಲೂಟೂತ್ ಮಾತುಕತೆಯನ್ನೆಲ್ಲ ತನ್ನೊಳಗೇ ಮುಗಿಸಿ, ನೀವು ಒತ್ತಿದ ಕೀಲಿಯನ್ನು ಮಾತ್ರ ಕಂಪ್ಯೂಟರಿಗೆ ಕೊಡುತ್ತದೆ. ಇನ್ನೊಂದು ಎಚ್‌ಸಿಐ (ಹೋಸ್ಟ್ ಕಂಟ್ರೋಲರ್ ಇಂಟರ್‌ಫೇಸ್) ಮೋಡ್. ಇದರಲ್ಲಿ ಅದು ನಿಜವಾದ ಬ್ಲೂಟೂತ್ ಅಡಾಪ್ಟರ್. ಫೋನು, ಹೆಡ್‌ಸೆಟ್ಟು, ಸ್ಪೀಕರು ಯಾವುದನ್ನು ಬೇಕಾದರೂ ಜೋಡಿಸಬಹುದು, ಆದರೆ ಮಾತುಕತೆ ನಡೆಸುವ ಕೆಲಸ ಈಗ ಲಿನಕ್ಸ್‌ನದು.

ಎಚ್‌ಐಡಿ ಮೋಡ್ ಇಟ್ಟಿರುವುದಕ್ಕೆ ಒಳ್ಳೇ ಕಾರಣ ಇದೆ. ಕಂಪ್ಯೂಟರ್ ಆನ್ ಆದ ತಕ್ಷಣ, ಬಯೋಸ್ ಪರದೆ ಬರುವ ಹೊತ್ತಿಗೆ ಬ್ಲೂಟೂತ್ ಡ್ರೈವರ್ ಇನ್ನೂ ಎದ್ದಿರುವುದಿಲ್ಲ. ಆಗಲೂ ಕೀಬೋರ್ಡ್ ಕೆಲಸ ಮಾಡಬೇಕಲ್ವಾ? ಅದಕ್ಕೇ ಡಾಂಗಲ್ ಮೊದಲು ಈ ವೇಷದಲ್ಲಿ ಏಳುತ್ತದೆ. ಆಮೇಲೆ ಆಪರೇಟಿಂಗ್ ಸಿಸ್ಟಮ್ ಬಂದು "ಸಾಕು, ಈಗ ನಿನ್ನ ನಿಜ ರೂಪಕ್ಕೆ ಬಾ" ಅಂತ ಒಂದು ಸಣ್ಣ ಆದೇಶ ಕಳಿಸಬೇಕು. ಲಿನಕ್ಸ್‌ನಲ್ಲಿ ಆ ಆದೇಶ ಕಳಿಸುವ ಪ್ರೋಗ್ರಾಮ್‌ನ ಹೆಸರೇ ಎಚ್‌ಐಡಿ2ಎಚ್‌ಸಿಐ. ಅದು ಇಲ್ಲದಿದ್ದರೆ, ಅಥವಾ ಇದ್ದೂ ಓಡದಿದ್ದರೆ, ಡಾಂಗಲ್ ಕೀಬೋರ್ಡ್ ಆಗಿಯೇ ಉಳಿಯುತ್ತದೆ.

ಈ ಬದಲಾವಣೆ ಡಾಂಗಲ್‌ನೊಳಗೆ ಶಾಶ್ವತವಾಗಿ ಉಳಿಯುವುದಿಲ್ಲ ಅನ್ನುವುದನ್ನೂ ನೆನಪಿಡಿ. ಕರೆಂಟ್ ಹೋಗಿ ಬಂದರೆ ಮತ್ತೆ ಹಳೇ ವೇಷ. ನಮ್ಮ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು, ಲೈನ್ ಕಡಿದು ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಪ್ರತಿ ಸಲವೂ ಆ ಆದೇಶ ಹೊಸದಾಗಿ ಹೋಗಬೇಕು.

ಶುರು ಮಾಡುವ ಮೊದಲು ತಂತಿಯ ಕೀಬೋರ್ಡ್ ಹುಡುಕಿ ಇಟ್ಟುಕೊಳ್ಳಿ

ಇದನ್ನು ದಯವಿಟ್ಟು ಬಿಡಬೇಡಿ. ಮೋಡ್ ಬದಲಾದ ಕ್ಷಣದಲ್ಲೇ ಆ ಡಾಂಗಲ್ ಮೂಲಕ ಓಡುತ್ತಿದ್ದ ಕೀಬೋರ್ಡು, ಮೌಸು ಎರಡೂ ನಿಂತುಹೋಗುತ್ತವೆ. ಅವನ್ನು ಲಿನಕ್ಸ್ ಜೊತೆ ಹೊಸದಾಗಿ ಜೋಡಿಸುವ ತನಕ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಹಳೇ ಯುಎಸ್‌ಬಿ ಕೀಬೋರ್ಡ್ ಯಾವುದಾದರೂ ಸರಿ, ಒಂದೆರಡು ಕೀ ಹೋಗಿದ್ದರೂ ನಡೆಯುತ್ತದೆ. ರೈಟರಣ್ಣನ ಹತ್ತಿರ ಇರಲಿಲ್ಲ. ಲೈನ್ ಮನೆಯ (ತೋಟದ ಕೆಲಸದವರ ಸಾಲು ಮನೆ) ಹುಡುಗನೊಬ್ಬ ಓದೋದಕ್ಕೆ ಅಂತ ಇಟ್ಟುಕೊಂಡಿದ್ದ ಕಂಪ್ಯೂಟರ್‌ನ ಕೀಬೋರ್ಡ್ ತರಿಸಿದೆವು.

ಯಾವ ವೇಷದಲ್ಲಿದೆ ಅಂತ ನೋಡುವುದು

ಟರ್ಮಿನಲ್ ತೆರೆದು ಇದನ್ನು ಕೊಡಿ:

ಎಲ್‌ಎಸ್‌ಯುಎಸ್‌ಬಿ

ಯುಎಸ್‌ಬಿಗೆ ಚುಚ್ಚಿರುವ ಎಲ್ಲದರ ಪಟ್ಟಿ ಬರುತ್ತದೆ. ಪ್ರತಿ ಸಾಲಿನಲ್ಲೂ ಬಸ್ ಸಂಖ್ಯೆ, ಡಿವೈಸ್ ಸಂಖ್ಯೆ, ಆಮೇಲೆ ಐಡಿ ಅಂತ ನಾಲ್ಕು ಅಕ್ಷರ, ಎರಡು ಚುಕ್ಕೆ, ಮತ್ತೆ ನಾಲ್ಕು ಅಕ್ಷರ. ಮೊದಲ ನಾಲ್ಕು ಕಂಪನಿಯದು, ಕೊನೆಯ ನಾಲ್ಕು ಆ ವಸ್ತುವಿನದು. ಯಾವ ಸಾಲು ಡಾಂಗಲ್‌ನದು ಅಂತ ತಿಳಿಯದಿದ್ದರೆ ಒಮ್ಮೆ ಕಿತ್ತು ಕಮಾಂಡ್ ಕೊಡಿ, ಮತ್ತೆ ಚುಚ್ಚಿ ಇನ್ನೊಮ್ಮೆ ಕೊಡಿ, ಹೆಚ್ಚಾದ ಸಾಲೇ ನಿಮ್ಮದು.

ಸಿಎಸ್‌ಆರ್ ಚಿಪ್ ಇರುವ ಡಾಂಗಲ್ ಆದರೆ 0ಎ12:1000 ಅಂತ ಕಂಡರೆ ಎಚ್‌ಐಡಿ ಮೋಡ್‌ನಲ್ಲಿದೆ ಅಂತ ಅರ್ಥ. 0ಎ12:0001 ಅಂತ ಕಂಡರೆ ಆಗಲೇ ಎಚ್‌ಸಿಐ ಮೋಡ್‌ನಲ್ಲಿದೆ, ತೊಂದರೆ ಬೇರೆ ಎಲ್ಲೋ ಇದೆ. ಸಿಎಸ್‌ಆರ್ ಅಂದರೆ ಇಂಗ್ಲೆಂಡಿನ ಕೇಂಬ್ರಿಡ್ಜ್ ಸಿಲಿಕಾನ್ ರೇಡಿಯೋ. 2015ರಲ್ಲಿ ಕ್ವಾಲ್ಕಾಮ್ ಅದನ್ನು ಕೊಂಡುಕೊಂಡಿತು, ಆದರೂ ಹಳೇ ಸಂಖ್ಯೆ ಹಾಗೆಯೇ ಉಳಿದಿದೆ. ಹಳೇ ಆಪಲ್ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದ್ದರೆ 05ಎಸಿ:1000 ಅಂತ ಬರಬಹುದು, ಅದೂ ಇದೇ ಜಾತಿ. ಲಾಜಿಟೆಕ್‌ನದಾದರೆ 046ಡಿ ಇಂದ ಶುರುವಾಗಿ ಸಿ70 ಅಥವಾ ಸಿ71 ಅಂತ ಮುಂದುವರಿಯುತ್ತದೆ. ಡೆಲ್ ಲ್ಯಾಪ್‌ಟಾಪ್‌ಗಳ ಒಳಗಿನ ಕೆಲವು ಬ್ಲೂಟೂತ್ ಕಾರ್ಡ್‌ಗಳು 413ಸಿ ಇಂದ ಶುರುವಾಗುತ್ತವೆ, ಉದಾಹರಣೆಗೆ 413ಸಿ:8154, 413ಸಿ:8158, 413ಸಿ:8162.

ಸಂಖ್ಯೆ ನೋಡಿ ತಲೆ ಕೆಟ್ಟರೆ ಇನ್ನೊಂದು ಸುಲಭ ದಾರಿ ಇದೆ. ನನಗೆ ಇದೇ ಜಾಸ್ತಿ ಇಷ್ಟ:

ಎಲ್‌ಎಸ್‌ಯುಎಸ್‌ಬಿ -ಟಿ

ಇದು ಮರದ ಕೊಂಬೆಗಳ ಹಾಗೆ ಪಟ್ಟಿ ಕೊಡುತ್ತದೆ, ಪ್ರತಿ ಕೊಂಬೆಯ ಮುಂದೆ ಯಾವ ಡ್ರೈವರ್ ಹಿಡಿದಿದೆ ಅಂತಲೂ ಹೇಳುತ್ತದೆ. ಡಾಂಗಲ್ ಮುಂದೆ ಯುಎಸ್‌ಬಿಎಚ್‌ಐಡಿ ಅಂತಷ್ಟೇ ಇದ್ದರೆ ಅದು ಕೀಬೋರ್ಡ್ ವೇಷ. ಬಿಟಿಯುಎಸ್‌ಬಿ ಅಂತ ಇದ್ದರೆ ಬ್ಲೂಟೂತ್ ವೇಷ.

ರೈಟರಣ್ಣ ಫೋನಿನಲ್ಲಿ ಒಂದೊಂದೇ ಅಂಕಿ ಓದಿದರು. ಸೊನ್ನೆ, ಎ, ಒಂದು, ಎರಡು, ಚುಕ್ಕೆ ಚುಕ್ಕೆ, ಒಂದು, ಸೊನ್ನೆ, ಸೊನ್ನೆ, ಸೊನ್ನೆ. ಅಲ್ಲಿಗೆ ಅರ್ಧ ಕೆಲಸ ಮುಗಿದಿತ್ತು. ಏನೂ ಕೆಟ್ಟಿಲ್ಲ ಅಂತ ಗೊತ್ತಾಯಿತಲ್ಲ.

ಪ್ರೋಗ್ರಾಮ್ ಇದೆಯೇ?

ಉಬುಂಟು, ಡೆಬಿಯನ್‌ನಲ್ಲಿ ಎಚ್‌ಐಡಿ2ಎಚ್‌ಸಿಐ ಸಾಮಾನ್ಯವಾಗಿ ಲಿನಕ್ಸ್‌ನ ಬ್ಲೂಟೂತ್ ಸಾಫ್ಟ್‌ವೇರ್ ಆದ ಬ್ಲೂಜೆಡ್ ಪ್ಯಾಕೇಜಿನ ಜೊತೆಗೇ ಬರುತ್ತದೆ. ಫೆಡೋರಾ ಮತ್ತು ಆರ್ಚ್‌ನಲ್ಲಿ ಅದು ಬೇರೆ ಪ್ಯಾಕೇಜ್, ಹೆಸರು ಬ್ಲೂಜೆಡ್-ಎಚ್‌ಐಡಿ2ಎಚ್‌ಸಿಐ. ಬ್ಲೂಜೆಡ್ ಅನ್ನು ಬಿ, ಎಲ್, ಯು, ಇ, ಜೆಡ್ ಅಂತ ಬರೆಯಬೇಕು. ಇದೆಯೋ ಇಲ್ಲವೋ ಅಂತ ಹೀಗೆ ನೋಡಿ:

ಎಲ್‌ಎಸ್ /ಯುಎಸ್‌ಆರ್/ಲಿಬ್/ಯುಡೆವ್/ಎಚ್‌ಐಡಿ2ಎಚ್‌ಸಿಐ

ಹಳೇ ಸಿಸ್ಟಮ್ ಆದರೆ ಮೊದಲಿನ ಯುಎಸ್‌ಆರ್ ಬಿಟ್ಟು /ಲಿಬ್/ಯುಡೆವ್ ಅಂತ ನೋಡಿ. ಯುಡೆವ್ ಅಂದರೆ ಹೊಸ ವಸ್ತು ಚುಚ್ಚಿದಾಗ ಏನು ಮಾಡಬೇಕು ಅಂತ ನೋಡಿಕೊಳ್ಳುವ ಲಿನಕ್ಸ್‌ನ ಭಾಗ. ಇದರ ಜೊತೆಗೆ ಅದೇ ಯುಡೆವ್ ಫೋಲ್ಡರಿನ ರೂಲ್ಸ್.ಡಿ ಒಳಗೆ 97-ಎಚ್‌ಐಡಿ2ಎಚ್‌ಸಿಐ.ರೂಲ್ಸ್ ಅನ್ನುವ ಫೈಲ್ ಇರಬೇಕು. ಯಾವ ಸಂಖ್ಯೆಯ ಡಾಂಗಲ್ ಬಂದರೆ ಯಾವ ರೀತಿ ಆದೇಶ ಕೊಡಬೇಕು ಅಂತ ಬರೆದಿರುವುದು ಅದರಲ್ಲೇ. ಒಮ್ಮೆ ತೆರೆದು ಓದಿ, ಹೆದರುವಂಥದ್ದೇನೂ ಇಲ್ಲ. ನಿಮ್ಮ ಡಾಂಗಲ್‌ನ ಸಂಖ್ಯೆ ಅದರಲ್ಲಿದ್ದರೆ ಅರ್ಧ ಚಿಂತೆ ಬಿಡಿ.

ಪ್ಯಾಕೇಜ್ ಇಲ್ಲದಿದ್ದರೆ ಹಾಕಬೇಕು, ಅದಕ್ಕೆ ನೆಟ್ ಬೇಕು. ತೋಟದ ಮಧ್ಯೆ ಇರುವ ಮನೆಗಳಲ್ಲಿ ಇದೇ ದೊಡ್ಡ ಕಷ್ಟ. ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಕಂಪ್ಯೂಟರಿಗೆ ಕಟ್ಟಿ ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ನೆಟ್‌ವರ್ಕ್ ಕಾರ್ಡ್ ಅಂತ ಸಾಮಾನ್ಯವಾಗಿ ತಾನಾಗಿಯೇ ಗುರುತಿಸುತ್ತದೆ, ಯಾವ ಡ್ರೈವರೂ ಹಾಕಬೇಕಾಗಿಲ್ಲ. ಉದ್ದ ಕೇಬಲ್ ಇದ್ದರೆ ಫೋನನ್ನು ಸಿಗ್ನಲ್ ಸಿಗುವ ಕಿಟಕಿಯ ಹತ್ತಿರ ಇಡಬಹುದು. ಏನೂ ಸಿಗದಿದ್ದರೆ ಪೇಟೆಗೆ ಹೋದಾಗ ಅದೇ ಆವೃತ್ತಿಯ ಉಬುಂಟು ಇರುವ ಬೇರೆ ಕಂಪ್ಯೂಟರಿನಲ್ಲಿ "ಆಪ್ಟ್ ಡೌನ್‌ಲೋಡ್ ಬ್ಲೂಜೆಡ್" ಅಂತ ಕೊಟ್ಟು, ಬಂದ ಫೈಲನ್ನು ಪೆನ್‌ಡ್ರೈವ್‌ನಲ್ಲಿ ತಂದು "ಸುಡೋ ಡಿಪಿಕೆಜಿ -ಐ" ಅಂದು ಫೈಲಿನ ಹೆಸರು ಕೊಟ್ಟರೆ ಆಯಿತು.

ಹಾಕಿದ ಮೇಲೆ ಡಾಂಗಲ್ ಕಿತ್ತು, ಹತ್ತು ಸೆಕೆಂಡ್ ಬಿಟ್ಟು, ಮತ್ತೆ ಚುಚ್ಚಿ. ತುಂಬಾ ಜನರಿಗೆ ಇಲ್ಲಿಗೇ ಕೆಲಸ ಆಗುತ್ತದೆ. ರೈಟರಣ್ಣನ ಕಂಪ್ಯೂಟರಿನಲ್ಲಿ ಪ್ಯಾಕೇಜ್ ಇರಲಿಲ್ಲ, ಹಾಕಿದೆವು, ಆದರೂ ಡಾಂಗಲ್ ಬದಲಾಗಲಿಲ್ಲ.

ಕೈಯಿಂದ ಆದೇಶ ಕೊಡುವುದು

ತಾನಾಗಿ ಆಗದಿದ್ದರೆ ನಾವೇ ಓಡಿಸಿ ನೋಡಬೇಕು. ಇದರಿಂದ ತಪ್ಪು ರೂಲ್ಸ್ ಫೈಲಿನದೋ ಡಾಂಗಲ್‌ನದೋ ಅಂತ ಸ್ಪಷ್ಟವಾಗುತ್ತದೆ. ಮೊದಲು ಡಾಂಗಲ್ ಎಲ್ಲಿ ಕೂತಿದೆ ಅಂತ ಅದರ ಪೂರ್ತಿ ದಾರಿ ಬೇಕು. ಎಲ್‌ಎಸ್‌ಯುಎಸ್‌ಬಿ ಪಟ್ಟಿಯಲ್ಲಿ ಬಸ್ 001, ಡಿವೈಸ್ 004 ಅಂತ ಇದೆ ಅಂದುಕೊಳ್ಳಿ. ಆಗ ಹೀಗೆ:

ಯುಡೆವ್‌ಎಡಿಎಂ ಇನ್ಫೋ -ಕ್ಯೂ ಪಾತ್ -ಎನ್ /ಡೆವ್/ಬಸ್/ಯುಎಸ್‌ಬಿ/001/004

ಉತ್ತರವಾಗಿ /ಡಿವೈಸಸ್/ಪಿಸಿಐ ಇಂದ ಶುರುವಾಗಿ 1-2 ಅಥವಾ 1-1.3 ಅಂತ ಮುಗಿಯುವ ಒಂದು ಉದ್ದ ಸಾಲು ಬರುತ್ತದೆ. ಅದನ್ನು ಪೂರ್ತಿ ನಕಲು ಮಾಡಿಕೊಳ್ಳಿ, ಕೈಯಿಂದ ಟೈಪ್ ಮಾಡೋಕೆ ಹೋಗಬೇಡಿ, ಒಂದು ಸೊನ್ನೆ ತಪ್ಪಿದರೂ ಕೆಲಸ ಆಗುವುದಿಲ್ಲ. ಮುಂದೆ /ಸಿಸ್ ಅಂತ ಸೇರಿಸಬೇಡಿ, ಅದನ್ನು ಪ್ರೋಗ್ರಾಮ್ ತಾನೇ ಸೇರಿಸಿಕೊಳ್ಳುತ್ತದೆ. ಆಮೇಲೆ:

ಸುಡೋ /ಯುಎಸ್‌ಆರ್/ಲಿಬ್/ಯುಡೆವ್/ಎಚ್‌ಐಡಿ2ಎಚ್‌ಸಿಐ --ಮೋಡ್=ಎಚ್‌ಸಿಐ --ಮೆಥಡ್=ಸಿಎಸ್‌ಆರ್ --ಡೆವ್‌ಪಾತ್=

ಸಮ ಗುರುತಿನ ನಂತರ ಜಾಗ ಬಿಡದೆ ಆ ಉದ್ದ ಸಾಲನ್ನು ಅಂಟಿಸಿ. ಮೆಥಡ್ ಅನ್ನುವುದು ಡಾಂಗಲ್ ಯಾವ ಜಾತಿಯದು ಅಂತ ಹೇಳುವ ಜಾಗ. ಸಿಎಸ್‌ಆರ್ ಚಿಪ್‌ಗೆ ಸಿಎಸ್‌ಆರ್, ಡೆಲ್‌ಗೆ ಡೆಲ್, ಲಾಜಿಟೆಕ್‌ಗೆ ಲಾಜಿಟೆಕ್-ಎಚ್‌ಐಡಿ. ಹೊಸ ಬ್ಲೂಜೆಡ್‌ನಲ್ಲಿ ಸಿಎಸ್‌ಆರ್2 ಅಂತಲೂ ಇದೆ, ಮೊದಲನೆಯದು ಸೋತರೆ ಅದನ್ನು ನೋಡಬಹುದು. ತಪ್ಪು ಜಾತಿ ಹೇಳಿದರೆ ಡಾಂಗಲ್ ಸುಮ್ನೆ ಕೂತಿರುತ್ತದೆ. "ಬದಲಾಗುವುದೇ ಇಲ್ಲ" ಅಂತ ನನ್ನ ಹತ್ತಿರ ಬರುವವರಲ್ಲಿ ಎಷ್ಟೋ ಜನ ಲಾಜಿಟೆಕ್ ಡಾಂಗಲ್‌ಗೆ ಸಿಎಸ್‌ಆರ್ ಅಂತ ಕೊಟ್ಟಿರುತ್ತಾರೆ.

ಲಾಜಿಟೆಕ್‌ಗೆ ಇನ್ನೊಂದು ವ್ಯತ್ಯಾಸವಿದೆ. ಅದಕ್ಕೆ ಡಾಂಗಲ್‌ನ ದಾರಿ ಸಾಲದು, ಅದರೊಳಗಿನ ಎಚ್‌ಐಡಿಡೆವ್‌ನ ದಾರಿ ಬೇಕು. /ಡೆವ್/ಯುಎಸ್‌ಬಿ ಫೋಲ್ಡರಿನಲ್ಲಿ ಎಚ್‌ಐಡಿಡೆವ್0, ಎಚ್‌ಐಡಿಡೆವ್1 ಅಂತ ಇರುತ್ತವೆ. ಮೇಲಿನ ಯುಡೆವ್‌ಎಡಿಎಂ ಕಮಾಂಡಿನಲ್ಲಿ -ಎನ್ ಮುಂದೆ /ಡೆವ್/ಯುಎಸ್‌ಬಿ/ಎಚ್‌ಐಡಿಡೆವ್0 ಅಂತ ಕೊಟ್ಟು, ಬರುವ ದಾರಿಯಲ್ಲಿ ಡಾಂಗಲ್‌ಗೆ ಮೊದಲು ಸಿಕ್ಕ 1-2 ಥರದ ಸಂಖ್ಯೆಯೇ ಇದೆಯೇ ಅಂತ ನೋಡಿ ಅದನ್ನೇ ಬಳಸಿ.

ಆದೇಶ ತಲುಪಿದರೆ ಎಲ್‌ಎಸ್‌ಯುಎಸ್‌ಬಿ ಪಟ್ಟಿಯಿಂದ ಹಳೇ ಸಾಲು ಮಾಯವಾಗಿ ಹೊಸ ಸಾಲು ಬರುತ್ತದೆ, ಡಿವೈಸ್ ಸಂಖ್ಯೆಯೂ ಬದಲಾಗಿರುತ್ತದೆ. 1000 ಇದ್ದದ್ದು 0001 ಆಗಿರುತ್ತದೆ.

ನಮಗೆ ಇಲ್ಲಿಯೂ ಆಗಲಿಲ್ಲ. ಕಮಾಂಡ್ ಸರಿಯಾಗಿತ್ತು, ಜಾತಿ ಸರಿಯಾಗಿತ್ತು, ದಾರಿ ಸರಿಯಾಗಿತ್ತು. ಆಗ ನನಗೆ ಹೊಳೆದದ್ದು ಡಾಂಗಲ್ ಎಲ್ಲಿಗೆ ಚುಚ್ಚಿದೆ ಅನ್ನುವುದು. "ಅಣ್ಣ, ಅದು ಸಿಪಿಯುಗೇ ನೇರವಾಗಿ ಚುಚ್ಚಿದ್ದೀರಾ?" ಇಲ್ಲ, ಮೇಜಿನ ಮೇಲಿನ ನಾಲ್ಕು ತೂತಿನ ಹಬ್‌ಗೆ ಚುಚ್ಚಿದ್ದರು. ಅದರಲ್ಲೇ ಪ್ರಿಂಟರು, ಪೆನ್‌ಡ್ರೈವು, ಫೋನ್ ಚಾರ್ಜಿಂಗ್ ಕೇಬಲ್ಲು ಎಲ್ಲವೂ. ಬೇರೆ ಪವರ್ ಅಡಾಪ್ಟರ್ ಇಲ್ಲದ ಹಬ್‌ಗೆ ಸಿಗುವುದು ಕಂಪ್ಯೂಟರಿನ ಒಂದೇ ತೂತಿನ ಕರೆಂಟು, ಅದನ್ನೇ ಎಲ್ಲರೂ ಹಂಚಿಕೊಳ್ಳಬೇಕು. ಮೋಡ್ ಬದಲಾಗುವಾಗ ಡಾಂಗಲ್ ಒಮ್ಮೆ ಬಿಟ್ಟು ಮತ್ತೆ ಎದ್ದು ಬರಬೇಕಾಗುತ್ತದೆ, ಆಗ ಶಕ್ತಿ ಸಾಲದಿದ್ದರೆ ಹಳೇ ಜಾಗಕ್ಕೇ ವಾಪಸ್. ಸಿಪಿಯುವಿನ ಹಿಂದುಗಡೆಯ ತೂತಿಗೆ ಚುಚ್ಚಲು ಹೇಳಿದೆ.

ಅಲ್ಲಿಯೂ ಒಂದು ಸಲ ಬಂತು, ಒಂದು ಸಲ ಬರಲಿಲ್ಲ. ಡಾಂಗಲ್‌ನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ ಅಂದೆ. ಹಿತ್ತಾಳೆ ಬಣ್ಣದ ಪಟ್ಟಿಗಳ ಮೇಲೆ ಹಸಿರು ಹಿಡಿದಿತ್ತು. ಇದು ನಮ್ಮ ಊರಿನ ತೇವ. ಚಪ್ಪಲಿಗೆ, ಪುಸ್ತಕಕ್ಕೆ, ಬೀರುವಿನ ಬಟ್ಟೆಗೆ ಬೂಷ್ಟು ಹಿಡಿಯುವ ಊರಿನಲ್ಲಿ ಇದನ್ನು ಮಾತ್ರ ಬಿಡುತ್ತದೆಯೇ? ಕಿವಿ ಕಡ್ಡಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಪಟ್ಟಿಗಳನ್ನು ಮೆಲ್ಲಗೆ ಒರೆಸಿ, ಪೂರ್ತಿ ಒಣಗಲು ಬಿಟ್ಟು ಚುಚ್ಚಬೇಕು. ನೀರು ಬೇಡ, ಉಪ್ಪುಕಾಗದದಲ್ಲಿ ಉಜ್ಜುವುದು ಖಂಡಿತ ಬೇಡ, ಮೇಲಿನ ತೆಳು ಲೇಪ ಹೋದರೆ ಮುಂದಿನ ಮಳೆಗಾಲಕ್ಕೆ ಇನ್ನೂ ಬೇಗ ಹಸಿರು ಹಿಡಿಯುತ್ತದೆ. ಒರೆಸಿದ ಮೇಲೆ ಮೊದಲ ಸಲಕ್ಕೇ 0ಎ12:0001 ಬಂತು. ಫೋನಿನ ಆ ಕಡೆಯಿಂದ ರೈಟರಣ್ಣ ಓದಿದ ಆ ಕೊನೆಯ 'ಒಂದು' ಕೇಳಿ ನನಗೆ ಆದ ಖುಷಿ ಹೇಳಿಕೊಳ್ಳಲಾಗದು.

ಬದಲಾದ ಮೇಲೆ ಜೋಡಿಸುವುದು

ಬ್ಲೂಟೂತ್‌ಸಿಟಿಎಲ್ ಅಂತ ಕೊಡಿ, ಒಳಗೆ ಹೋಗುತ್ತೀರಿ. ಅಲ್ಲಿ "ಲಿಸ್ಟ್" ಅಂದರೆ ಅಡಾಪ್ಟರ್ ಕಾಣಬೇಕು. ಆಮೇಲೆ ಒಂದೊಂದಾಗಿ "ಪವರ್ ಆನ್", "ಏಜೆಂಟ್ ಆನ್", "ಡಿಫಾಲ್ಟ್-ಏಜೆಂಟ್", "ಸ್ಕ್ಯಾನ್ ಆನ್". ಕೀಬೋರ್ಡನ್ನು ಜೋಡಿಸುವ ಸ್ಥಿತಿಗೆ ತಂದರೆ ಅದರ ವಿಳಾಸ, ಎರಡೆರಡು ಅಕ್ಷರದ ಆರು ಗುಂಪು, ಪರದೆ ಮೇಲೆ ಬರುತ್ತದೆ. "ಪೇರ್" ಅಂತ ಬರೆದು ಆ ವಿಳಾಸ ಕೊಡಿ. ಅಂಕಿಗಳನ್ನು ತೋರಿಸಿದರೆ ಅದನ್ನು ಆ ಬ್ಲೂಟೂತ್ ಕೀಬೋರ್ಡಿನಲ್ಲೇ ಒತ್ತಿ ಎಂಟರ್ ಕೊಡಬೇಕು, ತಂತಿಯ ಕೀಬೋರ್ಡಿನಲ್ಲಿ ಅಲ್ಲ. ಆಮೇಲೆ "ಟ್ರಸ್ಟ್" ಮತ್ತು ವಿಳಾಸ, "ಕನೆಕ್ಟ್" ಮತ್ತು ವಿಳಾಸ. ಟ್ರಸ್ಟ್ ಮರೆತರೆ ನಾಳೆ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದಾಗ ಅದು ತಾನಾಗಿ ಸೇರಿಕೊಳ್ಳುವುದಿಲ್ಲ.

ಇಲ್ಲೊಂದು ತೊಡಕು ಇದೆ, ಮೊದಲೇ ತಿಳಿದಿರಲಿ. ಎಚ್‌ಐಡಿ ಮೋಡ್‌ನಲ್ಲಿ ಜೋಡಿಯ ಗುಟ್ಟು ಡಾಂಗಲ್‌ನೊಳಗೆ ಇರುತ್ತದೆ. ಎಚ್‌ಸಿಐ ಮೋಡ್‌ನಲ್ಲಿ ಅದು ಕಂಪ್ಯೂಟರಿನ /ವಾರ್/ಲಿಬ್/ಬ್ಲೂಟೂತ್ ಫೋಲ್ಡರಿನಲ್ಲಿ ಕೂರುತ್ತದೆ. ಎರಡೂ ಒಂದೇ ಡಾಂಗಲ್ ಆದ್ದರಿಂದ ಕೀಬೋರ್ಡಿಗೆ ಗೊಂದಲ. ಲಿನಕ್ಸ್ ಜೊತೆ ಹೊಸದಾಗಿ ಜೋಡಿಸಿದರೆ ಬಯೋಸ್‌ನಲ್ಲಿ ಅದು ಕೆಲಸ ಮಾಡದೇ ಹೋಗಬಹುದು. ಅದಕ್ಕೇ ತಂತಿಯ ಕೀಬೋರ್ಡನ್ನು ಕೆಲಸ ಮುಗಿಯಿತು ಅಂತ ದೂರ ಕಳಿಸಬೇಡಿ ಅನ್ನುವುದು.

ನಿಮಗೆ ಕೀಬೋರ್ಡು, ಮೌಸು ಬಿಟ್ಟು ಬೇರೇನೂ ಜೋಡಿಸುವುದಿಲ್ಲ ಅಂದರೆ ಮೋಡ್ ಬದಲಿಸುವ ಅಗತ್ಯವೇ ಇಲ್ಲ, ಎಚ್‌ಐಡಿ ಮೋಡೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಲಿನಕ್ಸ್ ತಾನಾಗಿ ಬದಲಿಸಿ ನಿಮಗೆ ತೊಂದರೆ ಕೊಡುತ್ತಿದ್ದರೆ ಹೀಗೆ ತಡೆಯಬಹುದು:

ಸುಡೋ ಎಲ್‌ಎನ್ -ಎಸ್ /ಡೆವ್/ನಲ್ /ಇಟಿಸಿ/ಯುಡೆವ್/ರೂಲ್ಸ್.ಡಿ/97-ಎಚ್‌ಐಡಿ2ಎಚ್‌ಸಿಐ.ರೂಲ್ಸ್

ಮುಂದೆ ಬೇಕೆನಿಸಿದರೆ ಆ ಕೊಂಡಿಯನ್ನು ಅಳಿಸಿದರೆ ಸಾಕು. ಯಾರೋ ಹಿಂದೆ ಇದನ್ನು ಮಾಡಿ ಮರೆತಿದ್ದರೆ ನಿಮ್ಮ ಡಾಂಗಲ್ ಬದಲಾಗದಿರುವುದಕ್ಕೆ ಇದೇ ಕಾರಣವೂ ಆಗಿರಬಹುದು, ಆ ಫೋಲ್ಡರನ್ನೂ ಒಮ್ಮೆ ನೋಡಿ.

ಸರಿಯಾದ ವೇಷದಲ್ಲಿದ್ದೂ ಬ್ಲೂಟೂತ್ ಇಲ್ಲ ಅಂದರೆ

"ಆರ್‌ಎಫ್‌ಕಿಲ್ ಲಿಸ್ಟ್" ಕೊಡಿ. ಬ್ಲೂಟೂತ್ ಮುಂದೆ ಸಾಫ್ಟ್ ಬ್ಲಾಕ್ಡ್ ಯೆಸ್ ಅಂತ ಇದ್ದರೆ "ಸುಡೋ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಬ್ಲೂಟೂತ್". ಹಾರ್ಡ್ ಬ್ಲಾಕ್ಡ್ ಇದ್ದರೆ ಲ್ಯಾಪ್‌ಟಾಪಿನ ಪಕ್ಕದ ಸ್ವಿಚ್ಚೋ ಎಫ್‌ಎನ್ ಕೀಲಿಯೋ ಬಯೋಸ್ ಸೆಟ್ಟಿಂಗೋ ಕಾರಣ, ಕಮಾಂಡಿನಿಂದ ತೆಗೆಯಲಾಗದು. "ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಬ್ಲೂಟೂತ್" ಕೊಟ್ಟು ಸೇವೆ ಓಡುತ್ತಿದೆಯೇ ನೋಡಿ. ಪ್ರತಿ ಸಲ ಪವರ್ ಆನ್ ಮಾಡಬೇಕಾಗಿ ಬಂದರೆ /ಇಟಿಸಿ/ಬ್ಲೂಟೂತ್/ಮೇನ್.ಕಾನ್ಫ್ ಫೈಲಿನ ಪಾಲಿಸಿ ಭಾಗದಲ್ಲಿ ಆಟೋಎನೇಬಲ್=ಟ್ರೂ ಅಂತ ಇರಲಿ, ಇಲ್ಲಿ ಎ ಮತ್ತು ಇ ಮಾತ್ರ ದೊಡ್ಡ ಅಕ್ಷರ. ಬ್ಲೂಜೆಡ್ 5.65ರಿಂದ ಅದು ಹೇಳದಿದ್ದರೂ ಹಾಗೇ ಇರುತ್ತದೆ. ಅದೇ ಫೈಲಿನಲ್ಲಿ ಕಂಟ್ರೋಲರ್‌ಮೋಡ್ ಅಂತ ಇದೆ, ಅದು ಡ್ಯುಯಲ್ ಆಗಿರಬೇಕು. ಯಾರಾದರೂ ಎಲ್‌ಇ ಅಂತ ಬದಲಿಸಿದ್ದರೆ ಹಳೇ ರೀತಿಯ ಹೆಡ್‌ಸೆಟ್, ಸ್ಪೀಕರ್‌ಗಳು ಸೇರುವುದೇ ಇಲ್ಲ.

ರಿಯಲ್‌ಟೆಕ್ ಚಿಪ್‌ನ ಸಣ್ಣ ಡಾಂಗಲ್ ಆದರೆ ಕಾರಣ ಹೆಚ್ಚಾಗಿ ಫರ್ಮ್‌ವೇರ್, ಅಂದರೆ ಚಿಪ್‌ನೊಳಗೆ ಓಡುವ ಸಣ್ಣ ಪ್ರೋಗ್ರಾಮ್. "ಸುಡೋ ಡಿಮೆಸೆಜ್" ಅಂದರೆ, ಅಕ್ಷರ ಹೇಳುವುದಾದರೆ ಡಿ, ಎಂ, ಇ, ಎಸ್, ಜಿ, ಕರ್ನಲ್ ಹೇಳಿದ್ದೆಲ್ಲ ಬರುತ್ತದೆ. ಅದರಲ್ಲಿ ಆರ್‌ಟಿಎಲ್_ಬಿಟಿ ಅಂತ ಶುರುವಾಗುವ ಫೈಲ್ ಸಿಗಲಿಲ್ಲ, ಎರರ್ -2 ಅಂತ ಕಂಡರೆ ಫೈಲೇ ಇಲ್ಲ ಅಂತ ಅರ್ಥ. ಡೆಬಿಯನ್‌ನಲ್ಲಿ ಫರ್ಮ್‌ವೇರ್-ರಿಯಲ್‌ಟೆಕ್ ಪ್ಯಾಕೇಜ್ ಹಾಕಿ. 2023ರಲ್ಲಿ ಬಂದ ಡೆಬಿಯನ್ 12ರಿಂದ ಇನ್‌ಸ್ಟಾಲ್ ಮಾಡುವಾಗಲೇ ಇಂಥ ಫೈಲುಗಳು ಜೊತೆಗೆ ಸಿಗುತ್ತವೆ, ಹಳೇ ಆವೃತ್ತಿಯಲ್ಲಿ ನೀವೇ ಹುಡುಕಬೇಕು.

ವೈಫೈ, ಬ್ಲೂಟೂತ್ ಎರಡೂ ಇರುವ ಕೆಲವು ಡಾಂಗಲ್‌ಗಳದು ಮೂರನೇ ವೇಷ. ಅವು ಸಿಡಿ ಡ್ರೈವ್ ಆಗಿ ಕಾಣುತ್ತವೆ, ಒಳಗೆ ವಿಂಡೋಸ್ ಡ್ರೈವರ್ ಇರುತ್ತದೆ. ರಿಯಲ್‌ಟೆಕ್‌ನ 0ಬಿಡಿಎ:1ಎ2ಬಿ ಅಂತ ಕಂಡರೆ ಇದೇ. ಇದಕ್ಕೆ ಎಚ್‌ಐಡಿ2ಎಚ್‌ಸಿಐ ಅಲ್ಲ, ಯುಎಸ್‌ಬಿ_ಮೋಡ್‌ಸ್ವಿಚ್ ಅನ್ನುವ ಬೇರೆ ಪ್ರೋಗ್ರಾಮ್ ಬೇಕು:

ಸುಡೋ ಯುಎಸ್‌ಬಿ_ಮೋಡ್‌ಸ್ವಿಚ್ -ಕೆಕ್ಯೂ -ವಿ 0ಬಿಡಿಎ -ಪಿ 1ಎ2ಬಿ

ಇಲ್ಲಿ ಕೆ ಮತ್ತು ಕ್ಯೂ ಎರಡೂ ದೊಡ್ಡ ಅಕ್ಷರ, ಉಳಿದದ್ದು ಸಣ್ಣದು.

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಕೂಡ ಇದ್ದರೆ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಿ. ಅದು ಕಂಪ್ಯೂಟರನ್ನು ಪೂರ್ತಿ ಮಲಗಿಸದೆ ಅರ್ಧ ಎಚ್ಚರದಲ್ಲಿಡುತ್ತದೆ, ಲಿನಕ್ಸ್‌ಗೆ ಬರುವಾಗ ಅಡಾಪ್ಟರ್ ಹಳೇ ಸ್ಥಿತಿಯಲ್ಲೇ ಸಿಕ್ಕಿಕೊಂಡಿರಬಹುದು. ಪೂರ್ತಿ ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿದು ಆಮೇಲೆ ಆನ್ ಮಾಡಿದರೆ ಎಷ್ಟೋ ಸಲ ಇದು ಬಿಡುತ್ತದೆ.

ನಿದ್ದೆಯಿಂದ ಎದ್ದ ಮೇಲೆ ಹೋಗುವುದಾದರೆ

ಸಸ್ಪೆಂಡ್ ಆಗಿ ಎದ್ದಾಗ ಡಾಂಗಲ್ ಮತ್ತೆ ಕೀಬೋರ್ಡ್ ವೇಷಕ್ಕೆ ಹೋಗುವುದುಂಟು. ಡೆಲ್ ಕಾರ್ಡ್‌ಗಳಲ್ಲಿ ಇದು ಎಷ್ಟು ಗೊತ್ತಿರುವ ತೊಂದರೆಯೆಂದರೆ ರೂಲ್ಸ್ ಫೈಲಿನಲ್ಲೇ ಅದಕ್ಕೆ ಬೇರೆ ಸಾಲು ಬರೆದಿದ್ದಾರೆ. ಕಿತ್ತು ಚುಚ್ಚುವುದು ಸುಲಭದ ದಾರಿ. ಒಳಗಿನ ಕಾರ್ಡ್ ಆದರೆ ಕೀಳಲಾಗದು, ಆಗ ಕಮಾಂಡಿನಿಂದಲೇ ಕಿತ್ತ ಹಾಗೆ ಮಾಡಬಹುದು. ಮೇಲೆ ಸಿಕ್ಕ ದಾರಿಯ ಕೊನೆಯಲ್ಲಿ 1-2 ಅಂತ ಇತ್ತಲ್ವಾ, ಅದೇ ಸಂಖ್ಯೆಯನ್ನು ಬಳಸಿ:

ಎಕೋ 1-2 | ಸುಡೋ ಟೀ /ಸಿಸ್/ಬಸ್/ಯುಎಸ್‌ಬಿ/ಡ್ರೈವರ್ಸ್/ಯುಎಸ್‌ಬಿ/ಅನ್‌ಬೈಂಡ್

ಎರಡು ಸೆಕೆಂಡ್ ಬಿಟ್ಟು ಅದೇ ಸಾಲಿನ ಕೊನೆಯಲ್ಲಿ ಅನ್‌ಬೈಂಡ್ ಬದಲು ಬೈಂಡ್. ಅಷ್ಟಕ್ಕೂ ಬದಲಾಗದಿದ್ದರೆ ಕೈಯಿಂದ ಆದೇಶ ಕೊಡುವ ಕಮಾಂಡನ್ನೇ ಇನ್ನೊಮ್ಮೆ ಕೊಡಿ.

ಹೆಡ್‌ಸೆಟ್ ಸೇರಿಯೂ ಸುಮ್ನೆ ಸುಮ್ನೆ ಬಿಟ್ಟುಹೋಗುತ್ತಿದ್ದರೆ ವಿದ್ಯುತ್ ಉಳಿತಾಯದ ಸೆಟ್ಟಿಂಗ್ ನೋಡಿ. ಟಿಎಲ್‌ಪಿ ಅನ್ನುವ ವಿದ್ಯುತ್ ಉಳಿಸುವ ಪ್ರೋಗ್ರಾಮ್ ಹಾಕಿದ್ದರೆ ಅದರ ಫೈಲಿನಲ್ಲಿ ಯುಎಸ್‌ಬಿ_ಎಕ್ಸ್‌ಕ್ಲೂಡ್_ಬಿಟಿಯುಎಸ್‌ಬಿ=1 ಅಂತ ಮಾಡಿ, ಇದು ಪೂರ್ತಿ ದೊಡ್ಡ ಅಕ್ಷರದಲ್ಲಿ. ನೀಲಿ ಬಣ್ಣದ ಯುಎಸ್‌ಬಿ 3 ತೂತಿನ ಪಕ್ಕದಲ್ಲಿ ಹಾರ್ಡ್‌ಡಿಸ್ಕ್ ಓಡುತ್ತಿದ್ದರೂ ಹೀಗಾಗುತ್ತದೆ. ಯುಎಸ್‌ಬಿ 3 ಹೊರಬಿಡುವ ಗದ್ದಲ ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್‌ಗೇ ಬಂದು ಬೀಳುತ್ತದೆ. ಡಾಂಗಲ್‌ಗೆ ಒಂದು ಮೊಳದ ಎಕ್ಸ್‌ಟೆನ್ಷನ್ ಕೇಬಲ್ ಕೊಟ್ಟು ದೂರ ಸರಿಸಿದರೆ ಸಾಕು. ಮೈಕ್ ಆನ್ ಆದ ತಕ್ಷಣ ಧ್ವನಿ ಹಳೇ ಫೋನಿನ ಹಾಗೆ ಕೇಳಿಸುವುದು ಮಾತ್ರ ಬೇರೆ ವಿಷಯ. ಅದು ಅಡಾಪ್ಟರ್‌ನ ಮೋಡ್ ಅಲ್ಲ, ಹೆಡ್‌ಸೆಟ್‌ನ ಪ್ರೊಫೈಲ್. ಸೌಂಡ್ ಸೆಟ್ಟಿಂಗ್‌ನಲ್ಲಿ ಎ2ಡಿಪಿ ಆರಿಸಿದರೆ ಹಾಡು ಚೆನ್ನಾಗಿ ಕೇಳುತ್ತದೆ, ಎಚ್‌ಎಫ್‌ಪಿ ಆರಿಸಿದರೆ ಮೈಕ್ ಸಿಗುತ್ತದೆ.

ರೈಟರಣ್ಣ ಈಗ ಡಾಂಗಲನ್ನು ಹಿಂದುಗಡೆಯ ತೂತಿನಲ್ಲೇ ಬಿಟ್ಟಿದ್ದಾರೆ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಪ್ಲಗ್ ಕಿತ್ತಾಗ ಅದನ್ನೂ ತೆಗೆದು ಬೀರುವಿನಲ್ಲಿ ಇಡುತ್ತಾರೆ. ಬೂಷ್ಟು ಹಿಡಿಯದ ಹಾಗೆ ಅಲ್ಲಿ ಒಂದು ಸಣ್ಣ ಬಲ್ಬ್ ಉರಿಯುತ್ತಿರುತ್ತದೆ. ಲೈನ್ ಮನೆಯ ಹುಡುಗನಿಗೆ ಅವನ ಕೀಬೋರ್ಡ್ ವಾಪಸ್ ಕೊಟ್ಟು, ತಂತಿಯದೊಂದನ್ನು ಕುಶಾಲನಗರದಿಂದ ತಂದು ಅದೇ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ.